ಗ್ರಾಫಿಕ್ ವಿನ್ಯಾಸದ ವಿದ್ಯಾರ್ಥಿ ಮತ್ತು ಕಾಲೇಜಿನ ಆಯ್ಕೆ: ಒಂದು ಚಾರಿತ್ರಿಕ ಪರಿಶೀಲನೆ

೧. ಪ್ರಸ್ತಾವನೆ

ಗ್ರಾಫಿಕ್ ವಿನ್ಯಾಸವನ್ನು ಕಲಿಯಬಯಸುವ ವಿದ್ಯಾರ್ಥಿ ಯಾವ ಕಾಲೇಜನ್ನು ಸೇರಬೇಕೆಂಬ ಪ್ರಶ್ನೆ ಇತಿಹಾಸ ವಿಭಾಗಕ್ಕೆ ಸಂಬಂಧಪಟ್ಟದ್ದಲ್ಲವೆಂದು ಮೊದಲ ನೋಟಕ್ಕೆ ತೋರುವುದು ಸಹಜ. ಅಂಕಗಳು, ಪ್ರವೇಶ ಪರೀಕ್ಷೆ, ಶುಲ್ಕ, ಊರಿನಿಂದ ಇರುವ ದೂರ, ಮುಂದೆ ದೊರೆಯಬಹುದಾದ ಉದ್ಯೋಗ, ಇವುಗಳಿಂದ ತೀರ್ಮಾನವಾಗತಕ್ಕ ವ್ಯಾವಹಾರಿಕ ವಿಷಯವದು ಎಂದು ಅನೇಕರು ಭಾವಿಸುತ್ತಾರೆ. ಆದರೆ ಪ್ರತಿ ವರ್ಷವೂ ಬೇಸಿಗೆಯಲ್ಲಿ ವಿದ್ಯಾರ್ಥಿಗಳೂ ಅವರ ಹಿರಿಯರೂ ಈ ಪ್ರಶ್ನೆಯನ್ನು ಹಿಡಿದು ಅಧ್ಯಾಪಕರ ಬಳಿಗೆ ಬರುತ್ತಾರೆ. ಬಂದವರಿಗೆ ನಾವು ಸಾಮಾನ್ಯವಾಗಿ ಕೊಡುವ ಉತ್ತರ ಯಾವುದೋ ಒಂದು ಪ್ರಸಿದ್ಧ ಸಂಸ್ಥೆಯ ಹೆಸರು ಮಾತ್ರ. ಆ ಹೆಸರು ಏಕೆ ಪ್ರಸಿದ್ಧವಾಯಿತು, ಆ ಸಂಸ್ಥೆಯನ್ನು ಯಾರು ಯಾವ ಕೆಲಸಕ್ಕಾಗಿ ಕಟ್ಟಿದರು ಎಂಬುದನ್ನು ನಾವು ವಿಚಾರಿಸುವುದಿಲ್ಲ.

ಗ್ರಾಫಿಕ್ ವಿನ್ಯಾಸವೆಂದರೆ ಅಕ್ಷರ, ಚಿತ್ರ ಮತ್ತು ಇವೆರಡರ ನಡುವಣ ಖಾಲಿ ಜಾಗ, ಈ ಮೂರನ್ನೂ ಹೊಂದಿಸಿ ಓದುವವರಿಗೆ ಒಂದು ವಿಷಯವನ್ನು ಮುಟ್ಟಿಸುವ ವಿದ್ಯೆ. ಪುಸ್ತಕದ ಪುಟ, ಗೋಡೆಯ ಭಿತ್ತಿಪತ್ರ, ಔಷಧದ ಸೀಸೆಯ ಚೀಟಿ, ಬ್ಯಾಂಕಿನ ಚಿಹ್ನೆ, ಮೊಬೈಲ್ ಫೋನಿನ ತೆರೆ, ಎಲ್ಲವೂ ಅದರ ಕ್ಷೇತ್ರವೇ. ಹೆಸರು ಇಪ್ಪತ್ತನೆಯ ಶತಮಾನದ್ದಾದರೂ ಕೆಲಸ ಮುದ್ರಣದಷ್ಟೇ ಹಳೆಯದು. ಭಾರತದಲ್ಲಿ ಈ ಕೆಲಸವನ್ನು ಶಾಲೆಯಲ್ಲಿ ಕಲಿಸುವ ಪ್ರಯತ್ನಕ್ಕೆ ನೂರ ಎಪ್ಪತ್ತು ವರ್ಷಗಳಿಗೂ ಮೀರಿದ ಚರಿತ್ರೆಯಿದೆ.

ಈ ಚರಿತ್ರೆಯನ್ನು ಪರಿಶೀಲಿಸಿದಾಗ ಒಂದು ಸಂಗತಿ ಸ್ಪಷ್ಟವಾಗುತ್ತದೆ. ಪ್ರತಿಯೊಂದು ಸಂಸ್ಥೆಯೂ ತಾನು ಹುಟ್ಟಿದ ಕಾಲದ ಒಂದು ಅಗತ್ಯಕ್ಕೆ ಉತ್ತರವಾಗಿ ಹುಟ್ಟಿದೆ. ಆ ಅಗತ್ಯ ತೀರಿದ ಮೇಲೂ ಅದರ ಗುರುತು ಪಾಠಕ್ರಮದಲ್ಲಿ, ಪರೀಕ್ಷೆಯಲ್ಲಿ, ಅಧ್ಯಾಪಕರ ಆಯ್ಕೆಯಲ್ಲಿ ಬಹುಕಾಲ ಉಳಿಯುತ್ತದೆ. ಆದುದರಿಂದ ಕಾಲೇಜನ್ನು ಆರಿಸುವ ವಿದ್ಯಾರ್ಥಿ ತನಗೆ ತಿಳಿಯದೆಯೇ ಒಂದು ಹಳೆಯ ಉದ್ದೇಶವನ್ನೂ ಆರಿಸಿಕೊಳ್ಳುತ್ತಾನೆ. ಈ ಮಾತನ್ನು ಕೆಲವು ಸಂಸ್ಥೆಗಳ ಮತ್ತು ಅವುಗಳ ಬಾಗಿಲಿಗೆ ಬಂದ ಕೆಲವು ವಿದ್ಯಾರ್ಥಿಗಳ ನಿದರ್ಶನಗಳಿಂದ ಸಮರ್ಥಿಸುವುದು ಈ ಲೇಖನದ ಉದ್ದೇಶ.

೨. ಲಂಡನ್ನಿನ ಮಾದರಿ ಮತ್ತು ಪ್ರಾಂತ್ಯಗಳ ಶಾಲೆಗಳು

ಹತ್ತೊಂಬತ್ತನೆಯ ಶತಮಾನದ ಮೂವತ್ತರ ದಶಕದಲ್ಲಿ ಬ್ರಿಟನ್ನಿನ ಕಾರ್ಖಾನೆಗಳ ವಸ್ತುಗಳು ಬೆಲೆಯಲ್ಲಿ ಅಗ್ಗವಾಗಿದ್ದರೂ ಅಂದದಲ್ಲಿ ಫ್ರಾನ್ಸಿನ ವಸ್ತುಗಳಿಗೆ ಸರಿದೂಗುತ್ತಿಲ್ಲವೆಂಬ ಚಿಂತೆ ಅಲ್ಲಿನ ಪಾರ್ಲಿಮೆಂಟನ್ನು ಕಾಡಿತು. ಅದರ ಫಲವಾಗಿ ೧೮೩೭ರಲ್ಲಿ ಲಂಡನ್ನಿನಲ್ಲಿ ಸರ್ಕಾರಿ ವಿನ್ಯಾಸ ಶಾಲೆ ಆರಂಭವಾಯಿತು. ೧೮೫೧ರ ಮಹಾಪ್ರದರ್ಶನದ ನಂತರ ಅದರ ಆಡಳಿತ ಹೆನ್ರಿ ಕೋಲ್ ಎಂಬವರ ಕೈಗೆ ಬಂದಿತು. ೧೮೫೭ರಲ್ಲಿ ಶಾಲೆ ಸೌತ್ ಕೆನ್ಸಿಂಗ್ಟನ್ನಿಗೆ ವರ್ಗವಾಯಿತು. ರೇಖೆಯ ನಕಲಿನಿಂದ ಹಿಡಿದು ಸ್ವಂತ ವಿನ್ಯಾಸದವರೆಗೆ ಇಪ್ಪತ್ತಮೂರು ಹಂತಗಳ ಒಂದು ಪಾಠಕ್ರಮವನ್ನು ಅಲ್ಲಿ ಗೊತ್ತುಮಾಡಿದರು. ಹಂತ ಹಂತವಾಗಿ ಏರುವ, ಹಂತಕ್ಕೊಂದು ಪರೀಕ್ಷೆಯನ್ನು ಮುಂದಿಡುವ ಈ ಕ್ರಮ ಸಾಮ್ರಾಜ್ಯದ ಉದ್ದಗಲಕ್ಕೂ ಹರಡಿತು.

ಭಾರತದಲ್ಲಿ ಮೊದಲ ಪ್ರಯತ್ನ ಮದರಾಸಿನದು. ಅಲೆಕ್ಸಾಂಡರ್ ಹಂಟರ್ ಎಂಬ ವೈದ್ಯರು ೧೮೫೦ರಲ್ಲಿ ಸ್ವಂತ ಹೊಣೆಯ ಮೇಲೆ ಅಲ್ಲಿ ಕಲಾಶಾಲೆಯನ್ನು ತೆರೆದರು. ೧೮೫೪ರಲ್ಲಿ ಕಲ್ಕತ್ತೆಯಲ್ಲಿ ಔದ್ಯೋಗಿಕ ಕಲೆಯ ಶಾಲೆ ಪ್ರಾರಂಭವಾಗಿ ಹತ್ತು ವರ್ಷಗಳ ಬಳಿಕ ಸರ್ಕಾರದ ವಶಕ್ಕೆ ಬಂದಿತು. ಮುಂಬಯಿಯಲ್ಲಿ ಸರ್ ಜಮ್ಶೇಟ್ಜಿ ಜೀಜೀಭಾಯ್ ಅವರು ಕೊಟ್ಟ ಒಂದು ಲಕ್ಷ ರೂಪಾಯಿಗಳ ದತ್ತಿಯಿಂದ ೧೮೫೭ರಲ್ಲಿ ಕಲಾಶಾಲೆ ತೆರೆಯಿತು. ೧೮೭೫ರಲ್ಲಿ ಲಾಹೋರಿನ ಮೇಯೋ ಶಾಲೆ ಸ್ಥಾಪಿತವಾದಾಗ, ಮುಂಬಯಿಯ ಶಾಲೆಯಲ್ಲಿ ಹತ್ತು ವರ್ಷ ಪಾಠ ಹೇಳಿದ್ದ ಜಾನ್ ಲಾಕ್‌ವುಡ್ ಕಿಪ್ಲಿಂಗ್ ಅದರ ಮುಖ್ಯಸ್ಥರಾಗಿ ಹೋದರು.

ಈ ಶಾಲೆಗಳನ್ನು ಕಟ್ಟಿದವರ ಮನಸ್ಸಿನಲ್ಲಿದ್ದ ವಿದ್ಯಾರ್ಥಿ ಕುಶಲಕರ್ಮಿಯ ಮಗ. ಕಮ್ಮಾರ, ಕುಂಬಾರ, ಬಡಗಿ, ನೇಕಾರ ಮನೆತನಗಳ ಮಕ್ಕಳು ಬಂದು ರೇಖಾಭ್ಯಾಸ ಮಾಡಿ ತಮ್ಮ ಕುಲವೃತ್ತಿಗಳಿಗೆ ಮರಳುವರೆಂದು ಅವರು ಎಣಿಸಿದ್ದರು. ನಡೆದದ್ದು ಬಹುಮಟ್ಟಿಗೆ ಬೇರೆ. ಅನೇಕ ಕಡೆಗಳಲ್ಲಿ ಶಾಲೆಗೆ ಬಂದವರು ಅಕ್ಷರ ಬಲ್ಲ ಮಧ್ಯಮ ವರ್ಗದ ತರುಣರು. ಅವರಿಗೆ ಬೇಕಾಗಿದ್ದದ್ದು ಡ್ರಾಯಿಂಗ್ ಮಾಸ್ತರರ ಕೆಲಸ, ಲೋಕೋಪಯೋಗಿ ಇಲಾಖೆಯಲ್ಲಿ ನಕ್ಷೆ ಬರೆಯುವ ಕೆಲಸ, ಅಥವಾ ಮುದ್ರಣಾಲಯದ ಕೆಲಸ. ಕಲ್ಕತ್ತೆಯ ಶಾಲೆಯಲ್ಲಿ ಕಲಿಸುತ್ತಿದ್ದ ಮರದಚ್ಚಿನ ಕೆತ್ತನೆ ಮತ್ತು ಕಲ್ಲಚ್ಚಿನ ವಿದ್ಯೆಗಳು ಇಂಥವರಿಗೆ ಅನ್ನದ ದಾರಿಯಾದವು. ರಾಜೇಂದ್ರಲಾಲ್ ಮಿತ್ರರ ಒರಿಸ್ಸಾದ ಪ್ರಾಚೀನ ಅವಶೇಷಗಳ ಗ್ರಂಥಕ್ಕೆ (೧೮೭೫, ೧೮೮೦) ಬೇಕಾದ ಚಿತ್ರಫಲಕಗಳಲ್ಲಿ ಆ ಶಾಲೆಯ ವಿದ್ಯಾರ್ಥಿಗಳ ಕೈಯಿದೆ. ಅವರಲ್ಲೊಬ್ಬರಾದ ಅನ್ನದಾಪ್ರಸಾದ ಬಾಗ್ಚಿ ಅವರು ೧೮೭೮ರಲ್ಲಿ ಕಲ್ಕತ್ತಾ ಆರ್ಟ್ ಸ್ಟುಡಿಯೋವನ್ನು ಸ್ಥಾಪಿಸಿ ಕಲ್ಲಚ್ಚಿನ ದೇವರ ಪಟಗಳನ್ನು ಮನೆಮನೆಗೆ ಮುಟ್ಟಿಸಿದರು.

ಇಲ್ಲಿ ಗಮನಿಸತಕ್ಕದ್ದೇನೆಂದರೆ, ಸರ್ಕಾರ ಯಾರಿಗಾಗಿ ಶಾಲೆಯನ್ನು ತೆರೆಯಿತೋ ಅವರಿಗಿಂತ ಹೆಚ್ಚಾಗಿ, ಅದನ್ನು ಆರಿಸಿಕೊಂಡು ಬಂದವರೇ ಅದರ ಸ್ವರೂಪವನ್ನು ನಿರ್ಧರಿಸಿದರು. ಕಾಲೇಜು ವಿದ್ಯಾರ್ಥಿಯನ್ನು ತಿದ್ದುವಂತೆ ವಿದ್ಯಾರ್ಥಿಗಳ ಆಯ್ಕೆಯೂ ಕಾಲೇಜನ್ನು ತಿದ್ದುತ್ತದೆ.

ಆ ಕಾಲದ ಪರೀಕ್ಷಾಕ್ರಮ ಇಂದಿಗೂ ಪೂರ್ಣವಾಗಿ ಅಳಿದಿಲ್ಲ. ಮಹಾರಾಷ್ಟ್ರದಲ್ಲಿ ಎಲಿಮೆಂಟರಿ ಮತ್ತು ಇಂಟರ್‌ಮೀಡಿಯೆಟ್, ಕರ್ನಾಟಕದಲ್ಲಿ ಲೋಯರ್ ಮತ್ತು ಹೈಯರ್ ಎಂಬ ಡ್ರಾಯಿಂಗ್ ಗ್ರೇಡ್ ಪರೀಕ್ಷೆಗಳಿಗೆ ನಮ್ಮ ಶಾಲೆಗಳ ಮಕ್ಕಳು ಕುಳಿತಿದ್ದಾರೆ. ಹೂಕುಂಡ ಮತ್ತು ಹಣ್ಣುಗಳ ಎದುರು ಕುಳಿತು ಪೆನ್ಸಿಲಿನಿಂದ ಛಾಯೆ ಕೊಡುವ ಮಗು ತನಗರಿಯದೆ ಸೌತ್ ಕೆನ್ಸಿಂಗ್ಟನ್ನಿನ ವಾರಸುದಾರನಾಗಿದೆ.

೩. ಫಾಲ್ಕೆಯವರ ಎರಡು ಶಾಲೆಗಳು

ಧುಂಡಿರಾಜ ಗೋವಿಂದ ಫಾಲ್ಕೆಯವರನ್ನು ಭಾರತೀಯ ಚಲನಚಿತ್ರದ ಜನಕರೆಂದು ಎಲ್ಲರೂ ಬಲ್ಲರು. ಅವರು ಅದಕ್ಕೆ ಮೊದಲು ಮುದ್ರಣದ ಕೆಲಸಗಾರರಾಗಿದ್ದರೆಂಬುದು ಅಷ್ಟಾಗಿ ಪ್ರಚಾರದಲ್ಲಿಲ್ಲ. ೧೮೮೫ರಲ್ಲಿ ಅವರು ಮುಂಬಯಿಯ ಜೆ. ಜೆ. ಶಾಲೆಯನ್ನು ಸೇರಿ ರೇಖಾಚಿತ್ರದ ಅಭ್ಯಾಸ ಮಾಡಿದರು. ಅನಂತರ ಅವರ ವ್ಯಾಸಂಗ ನಡೆದದ್ದು ಬರೋಡದಲ್ಲಿ. ಸಯಾಜಿರಾವ್ ಮಹಾರಾಜರ ಆಶ್ರಯದಲ್ಲಿ ಟಿ. ಕೆ. ಗಜ್ಜರ್ ಅವರು ೧೮೯೦ರಲ್ಲಿ ಕಟ್ಟಿದ ಕಲಾಭವನ ಹೆಸರಿನಿಂದ ಕಲೆಯ ಮನೆಯಾದರೂ ಉದ್ದೇಶದಿಂದ ಕೈಗಾರಿಕಾ ಶಿಕ್ಷಣದ ಸಂಸ್ಥೆ. ಗಜ್ಜರ್ ಸ್ವತಃ ರಸಾಯನಶಾಸ್ತ್ರಜ್ಞರು. ಅಲ್ಲಿನ ವಾತಾವರಣದಲ್ಲಿ ಫಾಲ್ಕೆಯವರಿಗೆ ಛಾಯಾಗ್ರಹಣ ಮತ್ತು ಅದನ್ನವಲಂಬಿಸಿದ ಮುದ್ರಣ ವಿಧಾನಗಳ ಪರಿಚಯವಾಯಿತು. ಬಳಿಕ ಅವರು ಲೋಣಾವಳದ ಬಳಿ ಇದ್ದ ರವಿವರ್ಮ ಮುದ್ರಣಾಲಯಕ್ಕಾಗಿ ದುಡಿದರು. ೧೯೧೩ರಲ್ಲಿ ‘ರಾಜಾ ಹರಿಶ್ಚಂದ್ರ’ ತೆರೆಗೆ ಬಂದಿತು.

ಜೆ. ಜೆ. ಶಾಲೆ ಅವರಿಗೆ ಕೈಯ ಶಿಸ್ತನ್ನು ಕೊಟ್ಟಿತು, ಬರೋಡ ಯಂತ್ರದ ಮತ್ತು ರಾಸಾಯನಿಕ ಕ್ರಿಯೆಗಳ ತಿಳಿವನ್ನು ಕೊಟ್ಟಿತು. ಒಂದರಿಂದ ಮಾತ್ರ ಅವರ ಮುಂದಿನ ಸಾಧನೆ ಸಾಧ್ಯವಾಗುತ್ತಿತ್ತೆಂದು ನಮಗೆ ತೋರುವುದಿಲ್ಲ. ಚಿತ್ರವನ್ನು ಬರೆಯುವುದು ಒಂದು ವಿದ್ಯೆ; ಅದು ಸಾವಿರ ಪ್ರತಿಗಳಾಗಿ ಹೊರಬರುವಾಗ ಏನಾಗುತ್ತದೆಂಬುದನ್ನು ಅರಿಯುವುದು ಇನ್ನೊಂದು ವಿದ್ಯೆ. ಗ್ರಾಫಿಕ್ ವಿನ್ಯಾಸ ಈ ಎರಡರ ಸಂಧಿಯಲ್ಲಿದೆ. ಇಂದಿನ ಕಾಲೇಜನ್ನು ಅಳೆಯುವಾಗಲೂ ಈ ಅಳತೆಗೋಲು ಸಲ್ಲುತ್ತದೆ: ಅಲ್ಲಿ ಬರೆಯುವ ಕೊಠಡಿಯ ಪಕ್ಕದಲ್ಲಿ ಅಚ್ಚು ಹಾಕುವ ಕೊಠಡಿಯೂ ಇದೆಯೇ?

೪. ಗುರುವನ್ನು ಅರಸಿ ಹೋದವರು

೧೮೯೬ರಲ್ಲಿ ಇ. ಬಿ. ಹ್ಯಾವೆಲ್ ಕಲ್ಕತ್ತೆಯ ಶಾಲೆಯ ಮುಖ್ಯಸ್ಥರಾದರು. ಯುರೋಪಿನ ಮಾದರಿಗಳನ್ನು ನಕಲು ಮಾಡುವ ಪದ್ಧತಿಯನ್ನು ಬಿಡಿಸಿ ಭಾರತೀಯ ಕಲಾಪರಂಪರೆಯನ್ನು ಪಾಠಕ್ರಮದ ಕೇಂದ್ರಕ್ಕೆ ತರಲು ಅವರು ಯತ್ನಿಸಿದರು. ನಮಗೆ ಇಂದು ಇದು ಶ್ಲಾಘ್ಯವಾಗಿ ಕಾಣುತ್ತದೆ. ಆದರೆ ಅಂದಿನ ವಿದ್ಯಾರ್ಥಿಗಳಲ್ಲಿ ಹಲವರು ಇದನ್ನು ವಿರೋಧಿಸಿದರು. ಪಾಶ್ಚಾತ್ಯ ಶೈಲಿಯ ಚಿತ್ರಣ ಜೀವನೋಪಾಯಕ್ಕೆ ದಾರಿಯೆಂದು ನಂಬಿ ಬಂದವರಿಗೆ ಈ ಬದಲಾವಣೆ ತಮ್ಮ ಅನ್ನಕ್ಕೆ ಬಂದ ಕುತ್ತಿನಂತೆ ತೋರಿತು. ರಣದಾಪ್ರಸಾದ ಗುಪ್ತರು ಹೊರಬಂದು ಜುಬಿಲಿ ಕಲಾ ಅಕಾಡೆಮಿಯನ್ನು ಸ್ಥಾಪಿಸಿದ್ದು ಈ ಅಸಮಾಧಾನದ ಫಲ. ಕಲಾಶಿಕ್ಷಣದ ತಾತ್ತ್ವಿಕ ವಾದಗಳು ವಿದ್ಯಾರ್ಥಿಯ ಮಟ್ಟಕ್ಕೆ ಇಳಿದಾಗ ಬದುಕಿನ ಪ್ರಶ್ನೆಗಳಾಗುತ್ತವೆ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ಇದೇ ಶಾಲೆಗೆ ಮೈಸೂರಿನಿಂದ ಹೋದವರು ಕೆ. ವೆಂಕಟಪ್ಪನವರು (೧೮೮೬–೧೯೬೫). ಮೈಸೂರು ಅರಮನೆಯ ಆಶ್ರಯ ಪಡೆದು ೧೯೦೯ರ ಸುಮಾರಿಗೆ ಕಲ್ಕತ್ತೆಗೆ ತೆರಳಿ ಅವನೀಂದ್ರನಾಥ ಠಾಕೂರರಲ್ಲಿ ಶಿಷ್ಯವೃತ್ತಿ ಮಾಡಿದರು. ಸೋದರಿ ನಿವೇದಿತಾ ಮತ್ತು ಆನಂದ ಕುಮಾರಸ್ವಾಮಿಯವರು ರಚಿಸಿ ೧೯೧೩ರಲ್ಲಿ ಪ್ರಕಟವಾದ ಹಿಂದೂ ಮತ್ತು ಬೌದ್ಧ ಪುರಾಣಕಥೆಗಳ ಗ್ರಂಥದಲ್ಲಿ ವೆಂಕಟಪ್ಪನವರ ರಾಮಾಯಣದ ಚಿತ್ರಗಳೂ ಸೇರಿದ್ದವು. ಅವರು ವರ್ಣಚಿತ್ರಕಾರರೇ ಹೊರತು ಮುದ್ರಣದ ವಿನ್ಯಾಸಕಾರರಲ್ಲ. ಆದರೆ ದೂರದ ಒಂದು ಶಾಲೆಯನ್ನು ಅದರ ಗುರುವಿಗಾಗಿ ಆರಿಸಿದ ಕನ್ನಡಿಗರಲ್ಲಿ ಅವರಿಗೆ ಅಗ್ರಸ್ಥಾನ ಸಲ್ಲುತ್ತದೆ.

ಮುಂದಿನ ತಲೆಮಾರಿನಲ್ಲಿ ಇದಕ್ಕೆ ಹೋಲುವ ನಿದರ್ಶನ ಸತ್ಯಜಿತ್ ರಾಯ್ ಅವರದು. ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಅರ್ಥಶಾಸ್ತ್ರದ ಪದವಿ ಪಡೆದು ೧೯೪೦ರಲ್ಲಿ ಅವರು ಶಾಂತಿನಿಕೇತನದ ಕಲಾಭವನವನ್ನು ಸೇರಿದರು. ೧೯೧೯ರಲ್ಲಿ ಆರಂಭವಾದ ಆ ಕಲಾಭವನದಲ್ಲಿ ವಾಣಿಜ್ಯ ಕಲೆಯ ಪಾಠವಿರಲಿಲ್ಲ. ರಾಯ್ ಅವರಿಗೆ ಒಲವಿದ್ದದ್ದು ವಾಣಿಜ್ಯ ಕಲೆಯಲ್ಲಿಯೇ. ನಂದಲಾಲ ಬಸು ಮತ್ತು ವಿನೋದಬಿಹಾರಿ ಮುಖರ್ಜಿಯವರ ಬಳಿ ರೇಖೆಯ ಸತ್ತ್ವವನ್ನೂ ಕುಂಚದಿಂದ ಅಕ್ಷರ ಬರೆಯುವ ಪೌರಸ್ತ್ಯ ಪದ್ಧತಿಯ ಸೊಬಗನ್ನೂ ಅವರು ಕಂಡರು. ಪೂರ್ಣಾವಧಿ ಮುಗಿಸದೆ ೧೯೪೨ರ ಕೊನೆಯಲ್ಲಿ ಹೊರಬಂದು, ಮರುವರ್ಷ ಡಿ. ಜೆ. ಕೀಮರ್ ಎಂಬ ಜಾಹೀರಾತು ಸಂಸ್ಥೆಯಲ್ಲಿ ತಿಂಗಳಿಗೆ ಎಂಬತ್ತು ರೂಪಾಯಿಗಳ ಸಂಬಳಕ್ಕೆ ಸೇರಿದರು. ಅದರ ಜೊತೆಯಲ್ಲಿಯೇ ಸಿಗ್ನೆಟ್ ಪ್ರೆಸ್ಸಿನ ಪುಸ್ತಕಗಳಿಗೆ ಅವರು ಬರೆದ ಮುಖಪುಟಗಳು ಬಂಗಾಳಿ ಅಕ್ಷರಗಳಿಗೆ ಹೊಸ ರೂಪವನ್ನು ತಂದುಕೊಟ್ಟವು. ‘ಪಥೇರ್ ಪಾಂಚಾಲಿ’ಯ ಸಂಕ್ಷಿಪ್ತ ಆವೃತ್ತಿಗೆ ಚಿತ್ರ ಬರೆಯುವಾಗಲೇ ಆ ಕಥೆ ಅವರ ಮನಸ್ಸನ್ನು ಹಿಡಿಯಿತು, ೧೯೫೫ರಲ್ಲಿ ಅದು ಚಲನಚಿತ್ರವಾಯಿತು.

ವೃತ್ತಿಯ ಪಾಠವನ್ನು ಕಾಲೇಜು ಕಲಿಸದಿದ್ದರೂ ದೃಷ್ಟಿಯನ್ನು ಕಲಿಸಿದರೆ ವೃತ್ತಿಯನ್ನು ಮುಂದೆ ಕಲಿಯಬಹುದೆಂಬುದು ರಾಯ್ ಅವರ ನಿದರ್ಶನದಿಂದ ತಿಳಿಯುತ್ತದೆ. ಆದರೆ ಇದನ್ನು ಎಲ್ಲರಿಗೂ ಅನ್ವಯಿಸುವುದು ಸರಿಯಲ್ಲ. ರಾಯ್ ಅವರ ಕೈಯಲ್ಲಿ ಒಂದು ಪದವಿಯಿತ್ತು. ಅವರ ಅಜ್ಜ ಉಪೇಂದ್ರಕಿಶೋರ ರಾಯ್ ಚೌಧುರಿಯವರು ಹಾಫ್‌ಟೋನ್ ಬ್ಲಾಕುಗಳ ಮುದ್ರಣದಲ್ಲಿ ಸಂಶೋಧನೆ ನಡೆಸಿ ಹೆಸರಾದವರು. ಮುದ್ರಣಾಲಯ ಅವರ ಮನೆತನದ ಆಸ್ತಿಯಾಗಿತ್ತು. ಮನೆಯಲ್ಲಿ ಮುದ್ರಣದ ವಾಸನೆಯೇ ಇಲ್ಲದ ವಿದ್ಯಾರ್ಥಿಗೆ ಕಾಲೇಜು ಇವೆರಡನ್ನೂ ಒದಗಿಸಬೇಕಾಗುತ್ತದೆ.

೫. ಜಾಹೀರಾತಿನ ಯುಗ ಮತ್ತು ಮುಂಬಯಿಯ ಬಾಗಿಲು

ಎರಡು ಮಹಾಯುದ್ಧಗಳ ನಡುವಣ ಕಾಲದಲ್ಲಿ ಮುಂಬಯಿ ಮತ್ತು ಕಲ್ಕತ್ತೆಗಳಲ್ಲಿ ಜಾಹೀರಾತು ಸಂಸ್ಥೆಗಳು ಬೆಳೆದವು. ೧೯೨೯ರಲ್ಲಿ ಜೆ. ವಾಲ್ಟರ್ ಥಾಮ್ಸನ್ ಎಂಬ ಅಮೆರಿಕನ್ ಸಂಸ್ಥೆ ಮುಂಬಯಿಯಲ್ಲಿ ಶಾಖೆ ತೆರೆಯಿತು. ಪತ್ರಿಕೆಗಳ ಪುಟಗಳನ್ನು, ರೈಲ್ವೆಯ ಭಿತ್ತಿಪತ್ರಗಳನ್ನು, ಸೋಪು ಮತ್ತು ಚಹದ ಪೊಟ್ಟಣಗಳನ್ನು ರೂಪಿಸಬಲ್ಲ ಕೈಗಳು ಬೇಕಾದವು. ೧೯೩೫ರಲ್ಲಿ ಜೆ. ಜೆ. ಶಾಲೆಯಲ್ಲಿ ವಾಣಿಜ್ಯ ಕಲೆಯ ವಿಭಾಗ ಹುಟ್ಟಿದ್ದು ಈ ಬೇಡಿಕೆಗೆ ಉತ್ತರವಾಗಿ. ಮುಂದೆ ಅದು ಅನ್ವಯಿಕ ಕಲೆಯ ಪ್ರತ್ಯೇಕ ಸಂಸ್ಥೆಯಾಗಿ ಬೇರ್ಪಟ್ಟಿತು. ಇಂದು ನಮ್ಮ ಅನೇಕ ಕಲಾ ಕಾಲೇಜುಗಳಲ್ಲಿ ‘ಅನ್ವಯಿಕ ಕಲೆ’ ಎಂಬ ಹೆಸರಿನಲ್ಲಿ ನಡೆಯುವ ಪದವಿ ತರಗತಿಗಳು ಬಹುಪಾಲು ಈ ಮಾದರಿಯನ್ನು ಅನುಸರಿಸಿದವು. ಅಲ್ಲಿ ವಿದ್ಯಾರ್ಥಿಯನ್ನು ಜಾಹೀರಾತು ಸಂಸ್ಥೆಗೆ ಸಿದ್ಧಪಡಿಸುವುದು ಮೂಲ ಉದ್ದೇಶವಾಗಿತ್ತು. ಅಕ್ಷರಬರಹ, ಚಿತ್ರಣ, ಭಿತ್ತಿಪತ್ರ, ಪ್ರಚಾರ ಯೋಜನೆ ಎಂಬ ವಿಭಜನೆ ಆ ಉದ್ದೇಶದಿಂದಲೇ ಬಂದದ್ದು.

ಮುಂಬಯಿಯ ಈ ಬಾಗಿಲು ಎಲ್ಲರಿಗೂ ತೆರೆಯಲಿಲ್ಲ. ಮೈಸೂರಿನ ಆರ್. ಕೆ. ಲಕ್ಷ್ಮಣ್ ಅವರು (೧೯೨೧–೨೦೧೫) ಜೆ. ಜೆ. ಶಾಲೆಗೆ ಅರ್ಜಿ ಸಲ್ಲಿಸಿದಾಗ, ಪ್ರವೇಶಕ್ಕೆ ಬೇಕಾದಷ್ಟು ಪ್ರತಿಭೆ ಅವರ ಚಿತ್ರಗಳಲ್ಲಿ ಕಾಣುವುದಿಲ್ಲವೆಂಬ ಉತ್ತರ ಬಂದಿತು. ಅವರು ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿಯೇ ಪದವಿ ವ್ಯಾಸಂಗ ಮಾಡಿದರು. ರಾಶಿಯವರ ‘ಕೊರವಂಜಿ’ಗೆ ವ್ಯಂಗ್ಯಚಿತ್ರಗಳನ್ನು ಬರೆದರು, ಅಣ್ಣ ಆರ್. ಕೆ. ನಾರಾಯಣ್ ಅವರ ಕಥೆಗಳಿಗೆ ಚಿತ್ರಗಳನ್ನು ರಚಿಸಿದರು. ಬಳಿಕ ಮುಂಬಯಿಯ ಪತ್ರಿಕೆಯಲ್ಲಿ ಅರ್ಧ ಶತಮಾನಕ್ಕೂ ಮೀರಿ ‘ಶ್ರೀಸಾಮಾನ್ಯ’ನನ್ನು ಓದುಗರ ಮುಂದಿಟ್ಟರು.

ಈ ಪ್ರಸಂಗವನ್ನು ಪರೀಕ್ಷಕರ ಅವಿವೇಕಕ್ಕೆ ದೃಷ್ಟಾಂತವೆಂದು ಹೇಳಿ ನಗುವುದು ಸುಲಭ. ನಾವು ಅದನ್ನು ಬೇರೆ ರೀತಿಯಲ್ಲಿ ಓದಬಯಸುತ್ತೇವೆ. ಹಂತಹಂತದ ರೇಖಾಭ್ಯಾಸದ ಅಳತೆಗೋಲನ್ನು ಹಿಡಿದ ಶಾಲೆಗೆ, ಬೀದಿಯ ಜನರನ್ನು ನಾಲ್ಕು ಗೆರೆಗಳಲ್ಲಿ ಹಿಡಿಯುವ ಹುಡುಗನನ್ನು ಅಳೆಯುವ ಸಾಧನ ಇದ್ದಿರಲಾರದು. ಪ್ರವೇಶ ಪರೀಕ್ಷೆಗಳೆಲ್ಲವೂ ಆಯಾ ಸಂಸ್ಥೆಯ ಕಲ್ಪನೆಯ ವಿದ್ಯಾರ್ಥಿಯನ್ನು ಹುಡುಕುತ್ತವೆ. ಅಲ್ಲಿ ಅನುತ್ತೀರ್ಣನಾದವನು ಆ ಕಲ್ಪನೆಗೆ ಹೊಂದಲಿಲ್ಲವೆಂಬಷ್ಟೇ ಸಿದ್ಧವಾಗುತ್ತದೆ. ಒಂದು ಪರೀಕ್ಷೆಯ ಫಲಿತಾಂಶದಿಂದ ಎದೆಗುಂದಿ ಕುಂಚವನ್ನೇ ಕೆಳಗಿಡುವ ಎಳೆಯರಿಗೆ ಅಧ್ಯಾಪಕರು ಈ ಮಾತನ್ನು ತಿಳಿಸಿ ಹೇಳುವುದು ಅವಶ್ಯ.

೬. ಅಹಮದಾಬಾದ್ ಮತ್ತು ಪೊವಾಯಿ

ಸ್ವಾತಂತ್ರ್ಯಾನಂತರ ವಿನ್ಯಾಸ ಶಿಕ್ಷಣಕ್ಕೆ ಹೊಸ ಅರ್ಥ ಬಂದಿತು. ಭಾರತ ಸರ್ಕಾರದ ಆಹ್ವಾನದ ಮೇರೆಗೆ ಅಮೆರಿಕದ ವಿನ್ಯಾಸಕಾರರಾದ ಚಾರ್ಲ್ಸ್ ಮತ್ತು ರೇ ಈಮ್ಸ್ ದಂಪತಿಗಳು ದೇಶವನ್ನು ಸುತ್ತಿ ೧೯೫೮ರ ಏಪ್ರಿಲ್ ತಿಂಗಳಲ್ಲಿ ಒಂದು ವರದಿಯನ್ನು ಒಪ್ಪಿಸಿದರು. ನಮ್ಮ ಮನೆಗಳ ಲೋಟಾ ಅಥವಾ ಚೊಂಬನ್ನು ಅವರು ಆದರ್ಶ ವಸ್ತುವಾಗಿ ವಿಶ್ಲೇಷಿಸಿದರು. ಅದರ ತೂಕ, ಹಿಡಿತ, ನೀರು ಸುರಿಯುವ ಬಗೆ, ಸೊಂಟದ ಮೇಲೆ ಕೂರುವ ರೀತಿ, ಬೆಲೆ, ಶಬ್ದ, ಹೀಗೆ ಅನೇಕ ಪ್ರಶ್ನೆಗಳನ್ನು ಕೇಳಿ, ವಿನ್ಯಾಸವೆಂಬುದು ಅಲಂಕಾರವಲ್ಲ, ಅಗತ್ಯದ ಪರಿಶೀಲನೆ ಎಂದು ಪ್ರತಿಪಾದಿಸಿದರು. ಈ ವರದಿಯ ಬೆನ್ನಿಗೆ ೧೯೬೧ರಲ್ಲಿ ಅಹಮದಾಬಾದಿನಲ್ಲಿ ರಾಷ್ಟ್ರೀಯ ವಿನ್ಯಾಸ ಸಂಸ್ಥೆ ಸ್ಥಾಪಿತವಾಯಿತು. ಅದನ್ನು ರೂಪಿಸುವುದರಲ್ಲಿ ಗೌತಮ್ ಮತ್ತು ಗೀರಾ ಸಾರಾಭಾಯಿ ಅವರು ಪ್ರಮುಖ ಪಾತ್ರ ವಹಿಸಿದರು.

ಅರುವತ್ತರ ದಶಕದಲ್ಲಿ ಅಲ್ಲಿಗೆ ಬಂದು ಕೆಲಸ ಮಾಡಿದ ವಿದೇಶೀಯರಲ್ಲಿ ಸ್ವಿಟ್ಜರ್ಲೆಂಡಿನ ಅಕ್ಷರಶಿಲ್ಪಿ ಏಡ್ರಿಯನ್ ಫ್ರುಟಿಗರ್ ಮತ್ತು ಬಾಸೆಲ್ ನಗರದ ಶಾಲೆಯ ಆರ್ಮಿನ್ ಹಾಫ್‌ಮನ್ ಮುಖ್ಯರು. ಬಾಸೆಲ್ ಎಂಬ ಹೆಸರು ಕನ್ನಡಿಗರಿಗೆ ಹೊಸದಲ್ಲ. ಅಲ್ಲಿಂದ ಬಂದ ಮಿಷನರಿಗಳು ೧೮೪೧ರಲ್ಲಿ ಮಂಗಳೂರಿನಲ್ಲಿ ಮುದ್ರಣಾಲಯವನ್ನು ಸ್ಥಾಪಿಸಿದರು; ೧೮೪೩ರಲ್ಲಿ ಕನ್ನಡದ ಮೊದಲ ವೃತ್ತಪತ್ರಿಕೆಯಾದ ‘ಮಂಗಳೂರ ಸಮಾಚಾರ’ವೂ ೧೮೯೪ರಲ್ಲಿ ಕಿಟೆಲ್ ಅವರ ನಿಘಂಟೂ ಅದರಿಂದಲೇ ಹೊರಬಂದವು. ಒಂದೇ ನಗರದಿಂದ ಒಮ್ಮೆ ಅಚ್ಚುಕೂಟವೂ ಮತ್ತೊಮ್ಮೆ ವಿನ್ಯಾಸದ ಪಾಠವೂ ಭಾರತಕ್ಕೆ ಬಂದವು. ಆದರೆ ಎರಡನೆಯದು ಕನ್ನಡದ ಅಕ್ಷರಗಳತ್ತ ತಿರುಗಲಿಲ್ಲ. ಫ್ರುಟಿಗರ್ ಅಹಮದಾಬಾದಿನಲ್ಲಿ ಗಮನ ಕೊಟ್ಟದ್ದು ದೇವನಾಗರಿಗೆ.

೧೯೬೯ರಲ್ಲಿ ಮುಂಬಯಿಯ ಪೊವಾಯಿಯಲ್ಲಿರುವ ಭಾರತೀಯ ತಂತ್ರಜ್ಞಾನ ಸಂಸ್ಥೆಯಲ್ಲಿ ಕೈಗಾರಿಕಾ ವಿನ್ಯಾಸ ಕೇಂದ್ರ ಆರಂಭವಾಯಿತು. ಅದನ್ನು ಕಟ್ಟಿದ ಸುಧಾಕರ ನಾಡಕರ್ಣಿಯವರು ಜೆ. ಜೆ. ಶಾಲೆಯಲ್ಲಿಯೂ ಜರ್ಮನಿಯ ಊಲ್ಮ್ ನಗರದ ವಿನ್ಯಾಸ ಶಾಲೆಯಲ್ಲಿಯೂ ಕಲಿತವರು. ಊಲ್ಮ್ ಶಾಲೆ ೧೯೫೩ರಿಂದ ೧೯೬೮ರವರೆಗೆ ಮಾತ್ರ ಬಾಳಿತು. ಆದರೆ ವಿನ್ಯಾಸಕ್ಕೆ ವಿಜ್ಞಾನದ ಶಿಸ್ತು ಬೇಕೆಂಬ ಅದರ ನಿಲುವು ಪೊವಾಯಿಯಲ್ಲಿ ಬೇರೂರಿತು.

ಈ ಎರಡು ಸಂಸ್ಥೆಗಳ ವಿದ್ಯಾರ್ಥಿಗಳ ಕೈಯ ಗುರುತುಗಳು ನಮ್ಮ ದಿನನಿತ್ಯದ ಬದುಕಿನಲ್ಲಿವೆ. ಸ್ಟೇಟ್ ಬ್ಯಾಂಕಿನ ಕೀಲಿರಂಧ್ರದಂತಿರುವ ನೀಲಿ ವೃತ್ತವನ್ನು ೧೯೭೧ರಲ್ಲಿ ರಚಿಸಿದ ಶೇಖರ್ ಕಾಮತ್ ಅಹಮದಾಬಾದಿನವರು. ೨೦೧೦ರಲ್ಲಿ ಅಂಗೀಕೃತವಾದ ರೂಪಾಯಿಯ ಚಿಹ್ನೆಯನ್ನು ರಚಿಸಿದ ಡಿ. ಉದಯಕುಮಾರ್ ಪೊವಾಯಿಯಲ್ಲಿ ಸಂಶೋಧನೆ ನಡೆಸಿದವರು. ಮುಂಬಯಿಯ ವಾಣಿಜ್ಯ ಕಲಾವಿಭಾಗ ಜಾಹೀರಾತುದಾರನ ಅಗತ್ಯವನ್ನು ಮುಂದಿಟ್ಟುಕೊಂಡರೆ ಇವು ಸಾರ್ವಜನಿಕ ಸಂಸ್ಥೆಗಳ ಮತ್ತು ರಾಷ್ಟ್ರದ ಅಗತ್ಯವನ್ನು ಮುಂದಿಟ್ಟುಕೊಂಡವು. ಒಂದು ಮೇಲು, ಒಂದು ಕೀಳು ಎಂದು ನಾವು ಹೇಳುವುದಿಲ್ಲ. ಎರಡರ ಪ್ರಶ್ನೆಗಳು ಬೇರೆ ಬೇರೆಯೆಂಬುದನ್ನು ವಿದ್ಯಾರ್ಥಿ ಅರಿತಿರಬೇಕು.

೭. ಕನ್ನಡದ ಅಕ್ಷರ ಮತ್ತು ರಘುನಾಥ ಜೋಶಿ

ಇದುವರೆಗಿನ ವಿವೇಚನೆ ಕನ್ನಡ ವಿದ್ಯಾರ್ಥಿಗೆ ಏಕೆ ಮುಖ್ಯವೆಂಬುದನ್ನು ಈಗ ಹೇಳಬೇಕು. ಮೇಲೆ ಹೇಳಿದ ಮಾದರಿಗಳೆಲ್ಲವೂ, ಸೌತ್ ಕೆನ್ಸಿಂಗ್ಟನ್ ಆಗಲಿ, ಜಾಹೀರಾತು ಸಂಸ್ಥೆಯಾಗಲಿ, ಬಾಸೆಲ್ ಮತ್ತು ಊಲ್ಮ್‌ಗಳಾಗಲಿ, ರೋಮನ್ ಲಿಪಿಯನ್ನು ಆಧಾರವಾಗಿ ಇಟ್ಟುಕೊಂಡು ಬೆಳೆದವು. ರೋಮನ್ ಅಕ್ಷರಗಳು ಒಂದರ ಪಕ್ಕದಲ್ಲೊಂದು ಸಾಲಾಗಿ ನಿಲ್ಲುತ್ತವೆ. ಕನ್ನಡದಲ್ಲಿ ಹಾಗಲ್ಲ. ತಲೆಕಟ್ಟು ಮೇಲಿದೆ, ಗುಣಿತದ ಚಿಹ್ನೆಗಳು ಮೇಲೆಯೂ ಬಲಕ್ಕೂ ಚಾಚುತ್ತವೆ, 'ಉ'ಕಾರದ ಕೊಂಬು ಬಲಕ್ಕೆ ಇಳಿಯುತ್ತದೆ, ಒತ್ತಕ್ಷರ ಕೆಳಗೆ ಜೋತುಬೀಳುತ್ತದೆ. ರೋಮನ್ ಲಿಪಿಗೆ ಗೊತ್ತುಮಾಡಿದ ಸಾಲುಗಳ ಅಂತರವನ್ನೇ ಕನ್ನಡಕ್ಕೂ ಇಟ್ಟರೆ ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ಗುಣಿತಕ್ಕೆ ತಗಲುತ್ತದೆ. ದೊಡ್ಡಕ್ಷರ ಮತ್ತು ಸಣ್ಣಕ್ಷರಗಳೆಂಬ ಭೇದ ಕನ್ನಡದಲ್ಲಿಲ್ಲವಾದ್ದರಿಂದ ಶೀರ್ಷಿಕೆಗೆ ಒತ್ತು ಕೊಡುವ ಉಪಾಯವನ್ನು ಬೇರೆಯಾಗಿಯೇ ಹುಡುಕಬೇಕು. ಮೊಳೆ ಜೋಡಿಸುತ್ತಿದ್ದ ನಮ್ಮ ಹಳೆಯ ಅಚ್ಚುಕೂಟಗಳ ಕೆಲಸಗಾರರಿಗೆ ಇದೆಲ್ಲ ಕೈಯಭ್ಯಾಸದಿಂದ ತಿಳಿದಿತ್ತು. ಅದನ್ನು ಪಾಠವಾಗಿ ಬರೆದಿಟ್ಟ ಶಾಲೆಗಳು ವಿರಳ.

ಈ ಕೊರತೆಯನ್ನು ತುಂಬಲು ದುಡಿದವರಲ್ಲಿ ರಘುನಾಥ ಕೃಷ್ಣ ಜೋಶಿಯವರನ್ನು (೧೯೩೬–೨೦೦೮) ಸ್ಮರಿಸಬೇಕು. ಮಹಾರಾಷ್ಟ್ರದವರಾದ ಅವರು ಜೆ. ಜೆ. ಶಾಲೆಯಲ್ಲಿ ಕಲಿತು, ಬಹುಕಾಲ ಜಾಹೀರಾತು ಕ್ಷೇತ್ರದಲ್ಲಿ ದುಡಿದು, ೧೯೮೩ರಿಂದ ಪೊವಾಯಿಯ ಕೇಂದ್ರದಲ್ಲಿ ಅಧ್ಯಾಪಕರಾಗಿದ್ದರು. ಕೈಬರಹದ ಹಳೆಯ ಪರಂಪರೆಗಳನ್ನು ಅಭ್ಯಸಿಸಿ ಅವನ್ನು ಗಣಕಯಂತ್ರದ ಅಕ್ಷರಗಳಿಗೆ ಆಧಾರವಾಗಿ ಮಾಡಿದರು. ಮೈಕ್ರೋಸಾಫ್ಟ್ ಸಂಸ್ಥೆಯ ಗಣಕಗಳಲ್ಲಿ ಕನ್ನಡಕ್ಕಾಗಿ ಬಂದ ‘ತುಂಗಾ’ ಎಂಬ ಫಾಂಟು ಅವರ ನಿರ್ದೇಶನದಲ್ಲಿ ರಚಿತವಾದುದು. ನಮ್ಮ ಕಚೇರಿಗಳಲ್ಲಿಯೂ ಕಾಲೇಜುಗಳಲ್ಲಿಯೂ ಲಕ್ಷಾಂತರ ಕನ್ನಡ ಪುಟಗಳು ಅದರಲ್ಲಿ ಸಿದ್ಧವಾಗಿವೆ.

ಕನ್ನಡದ ಅಕ್ಷರವನ್ನು ಗಣಕದ ತೆರೆಗೆ ತಂದವರಲ್ಲಿ ಒಬ್ಬರು ಮರಾಠಿ ಮಾತೃಭಾಷೆಯವರೆಂಬುದು ನಮಗೆ ಸಂತೋಷದ ಸಂಗತಿ. ವಿದ್ಯೆಗೆ ಪ್ರಾಂತ್ಯದ ಎಲ್ಲೆಯಿಲ್ಲ. ಆದರೆ ಅದರಲ್ಲಿ ನಮಗೊಂದು ಎಚ್ಚರಿಕೆಯೂ ಇದೆ. ಜೋಶಿಯವರು ಕಲಿತ ಮತ್ತು ಕಲಿಸಿದ ಸಂಸ್ಥೆಗಳೆರಡೂ ಮುಂಬಯಿಯವು. ನಮ್ಮ ವಿದ್ಯಾರ್ಥಿಗಳು ಕನ್ನಡ ಅಕ್ಷರಕ್ಕೆ ಜಾಗವೇ ಇಲ್ಲದ ತರಗತಿಗಳನ್ನು ಹೆಸರಿನ ಮೋಹದಿಂದ ಆರಿಸುತ್ತ ಹೋದರೆ, ನಾವು ಓದುವ ಪುಟದ ರೂಪವನ್ನು ಮುಂದೆಯೂ ಇತರರೇ ನಿರ್ಧರಿಸಬೇಕಾಗುತ್ತದೆ.

೮. ಕರ್ನಾಟಕದ ಸಂಸ್ಥೆಗಳು

ಕನ್ನಡ ನಾಡು ಹಲವು ಆಡಳಿತಗಳಲ್ಲಿ ಹಂಚಿಹೋಗಿದ್ದ ಕಾಲದಲ್ಲಿ ಕಲಾವಿದ್ಯಾರ್ಥಿಯ ದಾರಿಯನ್ನು ಬಹುಮಟ್ಟಿಗೆ ರಾಜಕೀಯ ಗಡಿಗಳೇ ನಿರ್ಣಯಿಸುತ್ತಿದ್ದವು. ಧಾರವಾಡದ ಕಡೆಯವರು ಮುಂಬಯಿ ಪ್ರಾಂತ್ಯಕ್ಕೆ ಸೇರಿದ್ದರಿಂದ ಅಲ್ಲಿನ ಗ್ರೇಡ್ ಪರೀಕ್ಷೆಗಳಿಗೆ ಕುಳಿತು ಜೆ. ಜೆ. ಶಾಲೆಯತ್ತ ನೋಡುತ್ತಿದ್ದರು. ದಕ್ಷಿಣ ಕನ್ನಡ ಮದರಾಸು ಪ್ರಾಂತ್ಯದಲ್ಲಿದ್ದರೂ ಉಡುಪಿಯ ಬಳಿಯ ಕಟ್ಟಿಂಗೇರಿಯ ಕೆ. ಕೆ. ಹೆಬ್ಬಾರರು ಜೆ. ಜೆ. ಶಾಲೆಗೇ ಹೋದರು, ಕರಾವಳಿಯ ಜನರಿಗೆ ಮುಂಬಯಿಯೊಡನೆ ಇದ್ದ ಬಳಕೆ ಗಡಿಗಿಂತ ಬಲವಾಗಿತ್ತು. ಮೈಸೂರು ಸಂಸ್ಥಾನದಲ್ಲಿ ೧೯೦೬ರಲ್ಲಿ ಶಂಕುಸ್ಥಾಪನೆಯಾಗಿ ೧೯೧೩ರಲ್ಲಿ ಆರಂಭವಾದ ಚಾಮರಾಜೇಂದ್ರ ತಾಂತ್ರಿಕ ಸಂಸ್ಥೆ ಗಂಧ ಮತ್ತು ದಂತದ ಕೆತ್ತನೆಯಂಥ ಕುಶಲಕಲೆಗಳನ್ನು ಚಿತ್ರಕಲೆಯೊಡನೆ ಪೋಷಿಸಿತು. ಇಂದು ‘ಕಾವಾ’ ಎಂದು ಪ್ರಸಿದ್ಧವಾಗಿರುವ ಚಾಮರಾಜೇಂದ್ರ ದೃಶ್ಯಕಲಾ ಸಂಸ್ಥೆ ೧೯೮೧ರಲ್ಲಿ ರೂಪುಗೊಂಡಿತು.

ಬೆಂಗಳೂರಿನಲ್ಲಿ ಎ. ಎನ್. ಸುಬ್ಬರಾಯರು ೧೯೧೯ರಲ್ಲಿ ಸ್ಥಾಪಿಸಿದ ಕಲಾಮಂದಿರ, ಧಾರವಾಡದಲ್ಲಿ ಡಿ. ವಿ. ಹಾಲಭಾವಿಯವರ ಕಲಾಶಾಲೆ, ಆರ್. ಎಂ. ಹಡಪದ ಅವರ ಕೆನ್ ಕಲಾಶಾಲೆ, ೧೯೬೦ರಲ್ಲಿ ಹುಟ್ಟಿದ ಚಿತ್ರಕಲಾ ಪರಿಷತ್ತು, ಇವೆಲ್ಲವೂ ವ್ಯಕ್ತಿಗಳ ಶ್ರದ್ಧೆಯಿಂದ ಬೆಳೆದವು. ಅನಂತರದ ಕಾಲದಲ್ಲಿ ಸೃಷ್ಟಿ ಸಂಸ್ಥೆಯೂ (೧೯೯೬) ರಾಷ್ಟ್ರೀಯ ವಿನ್ಯಾಸ ಸಂಸ್ಥೆಯ ಬೆಂಗಳೂರು ಶಾಖೆಯೂ (೨೦೦೬) ಬಂದವು. ಇಂದಿನ ವಿದ್ಯಾರ್ಥಿಗೆ ವೆಂಕಟಪ್ಪನವರಂತೆ ದೇಶದ ಇನ್ನೊಂದು ತುದಿಗೆ ಹೋಗಲೇಬೇಕೆಂಬ ಅನಿವಾರ್ಯವಿಲ್ಲ. ಆಯ್ಕೆ ಹೆಚ್ಚಿದೆ, ಅದಕ್ಕೆ ತಕ್ಕಂತೆ ವಿವೇಚನೆಯೂ ಹೆಚ್ಚಬೇಕಾಗಿದೆ.

೯. ಉಪಸಂಹಾರ

ಮೇಲಿನ ನಿದರ್ಶನಗಳಿಂದ ಮೂರು ಪ್ರಶ್ನೆಗಳನ್ನು ನಾವು ಸಂಗ್ರಹಿಸಬಹುದು. ಮೊದಲನೆಯದು ಉದ್ದೇಶದ ಪ್ರಶ್ನೆ: ಈ ಕಾಲೇಜನ್ನು ಯಾರ ಅಗತ್ಯಕ್ಕಾಗಿ ಕಟ್ಟಿದರು, ಆ ಅಗತ್ಯ ಇಂದಿಗೂ ಇದೆಯೇ? ಎರಡನೆಯದು ಸಾಧನದ ಪ್ರಶ್ನೆ: ಬರೆದದ್ದು ಅಚ್ಚಾಗಿ ಅಥವಾ ತೆರೆಯ ಮೇಲೆ ಬಂದು ಜನರ ಕೈ ಸೇರುವವರೆಗಿನ ಹಾದಿಯನ್ನು ಇಲ್ಲಿ ವಿದ್ಯಾರ್ಥಿ ಕಣ್ಣಾರೆ ಕಾಣುವನೇ, ಅದನ್ನು ತಿದ್ದಿ ತೋರಿಸುವ ಗುರು ಇದ್ದಾನೆಯೇ? ಮೂರನೆಯದು ಲಿಪಿಯ ಪ್ರಶ್ನೆ: ಇಲ್ಲಿನ ಅಕ್ಷರಪಾಠದಲ್ಲಿ ಕನ್ನಡವೂ ಸೇರಿದಂತೆ ಭಾರತೀಯ ಲಿಪಿಗಳಿಗೆ ಸ್ಥಾನವಿದೆಯೇ? ಈ ಮೂರಕ್ಕೂ ಒಪ್ಪುವ ಉತ್ತರ ಒಂದೇ ಕಾಲೇಜಿನಲ್ಲಿ ದೊರೆಯದಿರಬಹುದು. ಫಾಲ್ಕೆಯವರಿಗೂ ದೊರೆತಿರಲಿಲ್ಲ. ಅಂಥ ಸಂದರ್ಭದಲ್ಲಿ ಯಾವುದರ ಕೊರತೆಯಿದೆಯೆಂದು ತಿಳಿದು ಅದನ್ನು ಬೇರೆಡೆಯಲ್ಲಿ ತುಂಬಿಕೊಳ್ಳುವುದು ವಿದ್ಯಾರ್ಥಿಯ ಹೊಣೆ.

ಸಾಲ ಮಾಡಿ ಮಗನನ್ನೋ ಮಗಳನ್ನೋ ದೂರದ ಊರಿಗೆ ಕಳುಹಿಸುವ ತಂದೆತಾಯಿಗಳಿಗೆ ಈ ಆಯ್ಕೆ ಸಣ್ಣ ವಿಷಯವಲ್ಲ. ಅವರು ನಮ್ಮನ್ನು ಕೇಳಲು ಬಂದಾಗ ಒಂದು ಹೆಸರನ್ನು ಉಚ್ಚರಿಸಿ ಕಳುಹಿಸುವ ಬದಲು, ಈ ಮೂರು ಪ್ರಶ್ನೆಗಳನ್ನು ಅವರ ಕೈಗಿತ್ತು, ಆಯಾ ಕಾಲೇಜಿನ ವಿದ್ಯಾರ್ಥಿಗಳ ಕೆಲಸವನ್ನು ನೋಡಿ ಬರುವಂತೆ ಹೇಳಿದರೆ ಅಧ್ಯಾಪಕರ ಕರ್ತವ್ಯ ಸಂದಂತಾಗುತ್ತದೆ. ಕನ್ನಡ ಅಚ್ಚುಕೂಟಗಳ, ಭಿತ್ತಿಪತ್ರಗಳ, ಪುಸ್ತಕದ ಮುಖಪುಟಗಳ ಚರಿತ್ರೆಯನ್ನು ಬರೆಯುವ ಕೆಲಸ ಇನ್ನೂ ಬಹಳಷ್ಟು ಉಳಿದಿದೆ. ಇತಿಹಾಸದ ವಿದ್ಯಾರ್ಥಿಗಳು ತಮ್ಮ ತಮ್ಮ ಊರುಗಳ ಹಳೆಯ ಮುದ್ರಣಾಲಯಗಳಿಂದ ಅದನ್ನು ಆರಂಭಿಸಿದರೆ, ವಿನ್ಯಾಸದ ವಿದ್ಯಾರ್ಥಿಗಳಿಗೆ ಕಾಲೇಜುಗಳಲ್ಲಿ ದೊರೆಯದಿರುವ ಒಂದು ಪಠ್ಯವನ್ನು ಅವರು ಒದಗಿಸಿದಂತಾಗುವುದು.